ಅರ್ಧ ಮೇಷ್ಟ್ರು

ಗುಬ್ಬಿ ಎಂಬ ಹುಡುಗಿಯ ದೊಡ್ಡಮ್ಮ ಬಸ್ ನಿಲ್ದಾಣದ ಲಗೇಜು ಕೋಣೆಯಲ್ಲಿ ಕೆಲಸ ಮಾಡಿ, ಗುಬ್ಬಿ ಹುಟ್ಟುವ ಮೊದಲೇ ಸ್ವಯಂನಿವೃತ್ತಿ ತೆಗೆದುಕೊಂಡವಳು. ಲಗೇಜು ಕೋಣೆಗೆ ಅದರದೇ ಒಂದು ಧರ್ಮವಿದೆ. ಪೆಟ್ಟಿಗೆಯೊಳಗೆ ಏನಿದೆ ಎಂದು ಯಾರನ್ನೂ ಕೇಳುವ ಹಾಗಿಲ್ಲ; ಯಾರದ್ದು ಎಂದು ತಿಳಿದಿದ್ದರೆ ಸಾಕು. ನಿವೃತ್ತಿಯ ದಿನ ಬೇರೆಯವರು ಗೋಡೆ ಗಡಿಯಾರ ಹೊತ್ತುಕೊಂಡು ಮನೆಗೆ ಬಂದರೆ ದೊಡ್ಡಮ್ಮ ಈ ಧರ್ಮವನ್ನು ಹೊತ್ತುಕೊಂಡು ಬಂದಳು. ಬಂದವಳು ಅದನ್ನು ಮಾತ್ರೆಗಳ ಮೇಲೆ ಪ್ರಯೋಗಿಸಿದಳು.

ಅವಳ ಹತ್ತಿರ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ಇತ್ತು. ಅದರ ತುಂಬ ಬೀದಿಯವರ ಮನೆಗಳಲ್ಲಿ ಮಿಕ್ಕಿದ ಮಾತ್ರೆಗಳು. ಕಾಯಿಲೆ ವಾಸಿಯಾದವರು, ಡಾಕ್ಟರನ್ನು ಬದಲಾಯಿಸಿದವರು, ಮನೆ ಖಾಲಿ ಮಾಡಿ ಹೋಗುವವರು, ಲೋಕವನ್ನೇ ಖಾಲಿ ಮಾಡಿ ಹೋದವರ ಮನೆಯವರು, ಎಲ್ಲರೂ ಎಸೆಯಲು ಮನಸ್ಸು ಬಾರದೆ ತಂದು ಅವಳ ಕೈಗೆ ಹಾಕುತ್ತಿದ್ದರು. ಕಂಪನಿಯವರು ಇಟ್ಟ ಹೆಸರು ಆ ಡಬ್ಬಿಯೊಳಗೆ ನಡೆಯುತ್ತಿರಲಿಲ್ಲ. ಯಾರ ಮನೆಯಿಂದ ಬಂತೋ ಅವರ ಹೆಸರೇ ಮಾತ್ರೆಗೆ. ಹಳದಿ ಮಾತ್ರೆ ಕಂಡಕ್ಟರು, ಹೊಟ್ಟೆ ಉಬ್ಬರಕ್ಕೆ. ಉದ್ದನೆಯದು ಟೈಪಿಸ್ಟು, ತಲೆನೋವಿಗೆ. ಗುಲಾಬಿ ಬಣ್ಣದ್ದು ಮೂಲೆಮನೆ ಅಜ್ಜಿ, ತುರಿಕೆಗೆ. ಪುಟ್ಟ ಬಿಳಿ ಮಾತ್ರೆ ಮೇಷ್ಟ್ರು. ಪಕ್ಕದ ಮನೆಯ ಗಣಿತದ ಮೇಷ್ಟ್ರ ಕಪಾಟನ್ನು ಅವರ ಸೊಸೆ ಖಾಲಿ ಮಾಡುವಾಗ ಸಿಕ್ಕಿದ್ದು, ನಿದ್ದೆಗೆ.

ಈ ಭಾಷೆಯನ್ನು ಬೀದಿಯವರೆಲ್ಲ ಚೆನ್ನಾಗಿ ಕಲಿತಿದ್ದರು. "ಒಬ್ಬ ಕಂಡಕ್ಟರು ಕೊಡಿ, ಹೊಟ್ಟೆ ತಮಟೆ ಆಗಿದೆ" ಎಂದು ಒಬ್ಬರು ಬಂದರೆ, "ಎರಡು ಟೈಪಿಸ್ಟ್ ನುಂಗಿದೆ, ಏನೂ ಆಗ್ಲಿಲ್ಲ" ಎಂದು ಇನ್ನೊಬ್ಬರು ದೂರು ತರುತ್ತಿದ್ದರು. ಹೊಸಬರು ಯಾರಾದರೂ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದರೆ ನೇರವಾಗಿ ಪೊಲೀಸರ ಹತ್ತಿರ ಓಡಬೇಕಿತ್ತು.

ಇಂಥ ಮನೆಯಲ್ಲಿ ಕುಳಿತು ಗುಬ್ಬಿ ಫಾರ್ಮಸಿ ಕೋರ್ಸಿನ ಇಂಟರ್ವ್ಯೂಗೆ ತಯಾರಾಗುತ್ತಿದ್ದಳು.

ಅಂಕಗಳ ವಿಷಯದಲ್ಲಿ ಅವಳನ್ನು ಯಾರೂ ಬೆರಳು ಮಾಡಿ ತೋರಿಸುವ ಹಾಗಿರಲಿಲ್ಲ. ತೊಂದರೆ ಇದ್ದದ್ದು ಬಾಯಿಯದು. ಯೂನಿವರ್ಸಿಟಿಯವರು ಅಂಕ ನೋಡಿ ಬಿಡುವವರಲ್ಲ. ಎದುರಿಗೆ ಕೂರಿಸಿಕೊಂಡು ಮಾತಾಡಿಸಿ, ಆಮೇಲೆ ಸೀಟು ಕೊಡುವವರು. ಹೋದ ವರ್ಷ ಅವಳನ್ನೂ ಕೂರಿಸಿಕೊಂಡು "ಫಾರ್ಮಸಿ ಯಾಕೆ?" ಎಂದು ಕೇಳಿದ್ದರು. ಗುಬ್ಬಿಯ ಬಾಯಿಗೆ ಬೀಗ ಬಿತ್ತು. ಅವರು ಪಾಪ ನೀರು ಕೊಟ್ಟರು. ಅವಳು ನೀರು ಕುಡಿದು, ಲೋಟ ಇಟ್ಟು, ನಮಸ್ಕಾರ ಮಾಡಿ ಎದ್ದು ಬಂದಿದ್ದಳು. ಒಬ್ಬರಿಗೆ ಎರಡೇ ಅವಕಾಶ ಎಂಬುದು ಅಲ್ಲಿಯ ನಿಯಮ. ಈ ಸಲವೂ ಬಾಯಿ ಬಿಡದಿದ್ದರೆ ಮುಗಿಯಿತು. ಆಮೇಲೆ ಅಮ್ಮನ ಗೆಳತಿಯ ಪರದೆ ಅಂಗಡಿ ಇತ್ತು. ಕಿಟಕಿ ಅಳತೆ ತೆಗೆದುಕೊಂಡು ಬಟ್ಟೆ ಕತ್ತರಿಸುವ ಕೆಲಸ ಖಾಲಿ ಇದೆಯೆಂದು ಆಕೆ ವರ್ಷದಿಂದ ಹೇಳುತ್ತಲೇ ಇದ್ದಳು. ಗುಬ್ಬಿಗೆ ಕನಸಿನಲ್ಲಿಯೂ ಪರದೆಗಳು ಬರತೊಡಗಿದ್ದವು.

ಅಪ್ಪ ಅಮ್ಮ ಇಬ್ಬರೂ ಗಿರಣಿಯ ಪಾಳಿ ಕೆಲಸದವರು. ಒಬ್ಬರು ಚಪ್ಪಲಿ ಬಿಡುವ ಹೊತ್ತಿಗೆ ಇನ್ನೊಬ್ಬರು ಚಪ್ಪಲಿ ಹಾಕುತ್ತಿದ್ದರು. ಹಾಗಾಗಿ ಗುಬ್ಬಿಯನ್ನು ಎತ್ತಿ ಆಡಿಸಿ ದೊಡ್ಡವಳನ್ನಾಗಿ ಮಾಡಿದ್ದು ಅಮ್ಮನ ಅಕ್ಕನಾದ ಈ ದೊಡ್ಡಮ್ಮನೇ. ಗುಬ್ಬಿ ಎಂದು ಹೆಸರಿಟ್ಟವಳೂ ಅವಳೇ. ಅವಳ ಕೈ ಮುಂದೆ ಬಂದರೆ ಸಾಕು, ಮಗುವಿನ ಬಾಯಿ ಗುಬ್ಬಿಮರಿಯ ಬಾಯಿಯ ಹಾಗೆ ತಾನಾಗಿ ತೆರೆಯುತ್ತಿತ್ತಂತೆ. ಕೈಯಲ್ಲಿ ತುತ್ತಿದೆಯೋ ಮಾತ್ರೆಯಿದೆಯೋ ಎಂದು ಆ ಬಾಯಿ ಯಾವತ್ತೂ ವಿಚಾರಿಸಿದ್ದಿಲ್ಲ.

ತಯಾರಿಯ ಉಸ್ತುವಾರಿ ಚಿಕ್ಕಪ್ಪನದು. ಅವನು ವಿಮಾ ಕಚೇರಿಯಲ್ಲಿ ಪರಿಹಾರದ ಅರ್ಜಿ ಪರಿಶೀಲಿಸುವವನು, ಅಂದರೆ ಅರ್ಜಿ ಹಾಕಿದವರು ಸುಳ್ಳು ಹೇಳುತ್ತಿದ್ದಾರೆ ಎಂದು ನಂಬಿಕೊಂಡು ಬೆಳಗಿನಿಂದ ಸಂಜೆಯವರೆಗೆ ಕುಳಿತಿರುವವನು. ಮನೆಗೆ ಬಂದ ಮೇಲೂ ಆ ನಂಬಿಕೆಯನ್ನು ಕಳಚಿಡುವುದು ಅವನಿಗೆ ಕಷ್ಟವಾಗುತ್ತಿತ್ತು. ಊಟದ ಮೇಜಿನ ಆ ಕಡೆ ಅವನು, ಈ ಕಡೆ ಗುಬ್ಬಿ.

"ಫಾರ್ಮಸಿ ಯಾಕೆ?"

"ನಂಗಿಷ್ಟ ಚಿಕ್ಕಪ್ಪ."

"ಇಷ್ಟ ಅನ್ನೋದು ಉತ್ತರ ಅಲ್ಲ. ನಿಜವಾಗಿ ನಿನಗೆ ಬೇಕಾಗಿದ್ದು ಡಾಕ್ಟರ್ ಸೀಟು. ಸಿಗ್ಲಿಲ್ಲ. ಅದಕ್ಕೆ ಇಲ್ಲಿಗೆ ಬಂದಿದೀಯ. ಅದನ್ನ ಮುಚ್ಚಿಡೋದು ಹೇಗೆ ಅಂತ ನಾನು ಹೇಳ್ಕೊಡ್ತೀನಿ."

"ನಂಗೆ ಡಾಕ್ಟರ್ ಆಗೋ ಆಸೆನೇ ಇಲ್ಲ."

"ಭೇಷ್. ಇದೇ ಮುಖ ಇಟ್ಕೊಂಡು ಅಲ್ಲೂ ಹೇಳು. ನನಗೇ ಒಂದು ನಿಮಿಷ ನಿಜ ಅನ್ನಿಸಿಬಿಡ್ತು."

ಅವಳು ನಿಜ ಹೇಳುತ್ತಿದ್ದಳು ಎಂಬುದನ್ನು ಮನೆಯಲ್ಲಿ ಒಬ್ಬರೂ ನಂಬಿರಲಿಲ್ಲ. ಅಪ್ಪ ಅವಳ ಬೆನ್ನು ತಟ್ಟಿ, ಬೇಜಾರು ಮಾಡ್ಕೋಬೇಡ, ಇದೂ ಹೆಚ್ಚುಕಡಿಮೆ ಡಾಕ್ಟರ್ ಕೆಲಸವೇ ಎಂದಿದ್ದ. ಬೀದಿಯವರು ಅವಳನ್ನು ಕಂಡರೆ ಕೈಗೆ ಬಂದದ್ದು ಬಾಯಿಗೆ ಬರಲಿಲ್ಲವಲ್ಲ ಎಂಬ ಮುಖ ಮಾಡುತ್ತಿದ್ದರು. ಇಲ್ಲದ ದುಃಖಕ್ಕೆ ಇಷ್ಟು ಜನ ಸಮಾಧಾನ ಹೇಳಿದ ಮೇಲೆ ಗುಬ್ಬಿಗೂ ಒಮ್ಮೊಮ್ಮೆ ತನಗೆ ದುಃಖವಾಗಿದೆಯೇನೋ ಎನ್ನಿಸುತ್ತಿತ್ತು.

ಕೊನೆಗೆ ಚಿಕ್ಕಪ್ಪ ಒಂದು ಉತ್ತರ ಬರೆಸಿಯೇ ಬಿಟ್ಟ. "ಸಮಾಜದ ಆರೋಗ್ಯವೆಂಬ ಸರಪಳಿಯಲ್ಲಿ ಔಷಧ ತಜ್ಞರದು ಬಹುಮುಖ್ಯವಾದ ಕೊಂಡಿ." ಗುಬ್ಬಿ ಅದನ್ನು ಪಾತ್ರೆ ತೊಳೆಯುವಾಗ, ತಲೆ ಬಾಚುವಾಗ ಗಿಳಿಪಾಠ ಮಾಡಿದಳು.

ಇಂಟರ್ವ್ಯೂನಲ್ಲಿ ಒಂದು ನಾಟಕದಂಥ ಪ್ರಶ್ನೆಯೂ ಇರುತ್ತದೆ ಎಂದು ಚಿಕ್ಕಪ್ಪ ಪತ್ತೆ ಮಾಡಿಕೊಂಡು ಬಂದ. ಎದುರಿಗಿರುವವರು ರೋಗಿಯಾಗುತ್ತಾರೆ, ನೀನು ಅಂಗಡಿಯಲ್ಲಿರುವವಳಾಗಬೇಕು, ಅವರಿಗೆ ತಿಳಿಹೇಳಬೇಕು. ರೋಗಿಯ ಪಾತ್ರಕ್ಕೆ ದೊಡ್ಡಮ್ಮನನ್ನು ಕೂರಿಸಿದರು. ಅವಳು ಸೆರಗು ಸರಿಮಾಡಿಕೊಂಡು, ಮೊಣಕಾಲು ಹಿಡಿದುಕೊಂಡು, ಬಹಳ ಚೆನ್ನಾಗಿ ನರಳಿದಳು.

"ಪಕ್ಕದ್ಮನೆಯವ್ರು ಒಂದು ಮಾತ್ರೆ ಕೊಟ್ರಮ್ಮ. ತಗೊಳ್ಳಲಾ?"

"ಯಾವ ಮಾತ್ರೆ ಅಂತ ಗೊತ್ತಾ ಅಮ್ಮ? ಹೆಸರು ಗೊತ್ತಿಲ್ದೆ ತಗೋಬಾರ್ದು. ನೀವು ಬೇರೆ ಮಾತ್ರೆ ತಗೊಳ್ತಾ ಇದ್ರೆ ಅದಕ್ಕೂ ಇದಕ್ಕೂ ಆಗದೇ ಇರಬಹುದು. ಒಬ್ಬರಿಗೆ ಒಳ್ಳೇದು ಮಾಡಿದ್ದು ಇನ್ನೊಬ್ಬರಿಗೆ ಕೆಟ್ಟದ್ದು ಮಾಡಬಹುದು."

ಎದುರಿಗೆ ದೊಡ್ಡಮ್ಮ ಇದ್ದರೆ ಗುಬ್ಬಿಗೆ ಮಾತು ನೀರು ಕುಡಿದಷ್ಟು ಸಲೀಸು. ಚಿಕ್ಕಪ್ಪ ಕೂಡ ತಲೆದೂಗಿದ. ದೊಡ್ಡಮ್ಮ ಪಾತ್ರದಿಂದ ಹೊರಗೆ ಬಂದು ಲೊಚಗುಟ್ಟಿದಳು.

"ಅಲ್ಲ, ಯಾರೋ ಕೊಟ್ರು ಅಂತ ನುಂಗೋ ಜನಾನೂ ಇರ್ತಾರಾ? ಎಂಥ ಕಾಲ ಬಂತು."

ಆ ಹೊತ್ತಿಗೆ ಬಾಗಿಲಲ್ಲಿ ಯಾರೋ ಟೈಪಿಸ್ಟ್ ಕೇಳಿಕೊಂಡು ಬಂದಿದ್ದರಿಂದ ಅವಳು ಎದ್ದು ಡಬ್ಬಿ ತೆಗೆಯಲು ಹೋದಳು. ಒಂದು ಸ್ಟ್ರಿಪ್ಪನ್ನು ಕತ್ತರಿಯಲ್ಲಿ ಕತ್ತರಿಸಿ ಒಂದೇ ಮಾತ್ರೆ ಕೊಡುವುದು ಅವಳ ಪದ್ಧತಿ. ಹಾಗೆ ಕತ್ತರಿಸುವಾಗ ಸ್ಟ್ರಿಪ್ಪಿನ ಬೆನ್ನಿಗೆ ಅಚ್ಚು ಹಾಕಿದ ಹೆಸರು ಒಂದು ಮಾತ್ರೆಗೆ ಎರಡಕ್ಷರ, ಇನ್ನೊಂದಕ್ಕೆ ಎರಡಕ್ಷರ ಹಂಚಿಹೋಗುತ್ತಿತ್ತು. ಚಿಕ್ಕಂದಿನಲ್ಲಿ ಗುಬ್ಬಿ ಆ ತುಂಡುಗಳನ್ನು ನೆಲದ ಮೇಲೆ ಹರಡಿಕೊಂಡು ಅಕ್ಷರ ಜೋಡಿಸುವ ಆಟ ಆಡುತ್ತಿದ್ದಳು. ಒಂದು ಹೆಸರೂ ಪೂರ್ತಿಯಾಗುತ್ತಿರಲಿಲ್ಲ. "ಇದರ ನಿಜವಾದ ಹೆಸರೇನು ದೊಡ್ಡಮ್ಮ?" ಎಂದರೆ, "ಕಂಡಕ್ಟರು ಅಂತ ಹೇಳಿದ್ನಲ್ಲ" ಎಂಬ ಉತ್ತರ ಬರುತ್ತಿತ್ತು. ಫಾರ್ಮಸಿ ಯಾಕೆ ಎಂದಾಗ ಈ ಹೆಸರು ಹುಡುಕುವ ಆಸೆಯನ್ನು ಚಿಕ್ಕಪ್ಪನಿಗೆ ಹೇಳಿದ್ದರೆ ಅವನು ಇದೂ ಉತ್ತರವಲ್ಲ ಎನ್ನುತ್ತಿದ್ದ. ಅದಕ್ಕೇ ಅವಳು ಹೇಳಿರಲಿಲ್ಲ.

ಇಂಟರ್ವ್ಯೂ ದಿನ ಬೆಳಿಗ್ಗೆ ಗುಬ್ಬಿಯ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಚಿಕ್ಕಪ್ಪ ಕಚೇರಿಗೆ ಹೋಗುವ ಮುಂಚೆ ಕೊನೆಯ ಉಪದೇಶ ಮಾಡಿದ: "ಏನೇ ಕೇಳ್ಲಿ, ತಪ್ಪು ಮಾತ್ರ ಒಪ್ಕೋಬೇಡ. ಒಪ್ಕೊಂಡ ಅರ್ಜಿ ಗೆದ್ದಿದ್ದು ನಾನು ನೋಡಿಲ್ಲ." ಜೊತೆಗೆ ಹೋಗುವವಳು ದೊಡ್ಡಮ್ಮ. ಯೂನಿವರ್ಸಿಟಿಯ ಮೆಟ್ಟಿಲು ಹತ್ತುವಾಗ ಗುಬ್ಬಿಯ ಕೈ ಹಿಡಿದುಕೊಂಡವಳು, ಆ ಕೈ ತಣ್ಣಗಾಗಿರುವುದನ್ನು ನೋಡಿ, ಅಲ್ಲೇ ನಿಂತು ಪರ್ಸು ತೆರೆದಳು. ಡಬ್ಬಿಯೊಳಗಿನ ಮುಖ್ಯಸ್ಥರೆಲ್ಲ ಒಂದೊಂದು ತುಂಡಾಗಿ ಪರ್ಸಿನಲ್ಲಿ ಸದಾ ಇರುತ್ತಿದ್ದರು.

"ತಗೋ. ಅರ್ಧ ಮೇಷ್ಟ್ರು."

"ಅದು ನಿದ್ದೆದಲ್ವಾ?"

"ಪೂರ್ತಿ ಮೇಷ್ಟ್ರು ನಿದ್ದೆಗೆ. ಅರ್ಧ ಮೇಷ್ಟ್ರು ಧೈರ್ಯಕ್ಕೆ. ಮೇಷ್ಟ್ರು ಇರೋವಾಗ ಹಾಗೇ ಇದ್ರಲ್ಲ, ಅರ್ಧ ನಿದ್ದೇಲಿದ್ರೆ ಯಾರಿಗೂ ಹೆದರ್ತಿರ್ಲಿಲ್ಲ."

ಬೇಡವೆನ್ನಬೇಕೆಂದು ಗುಬ್ಬಿಗೆ ಗೊತ್ತಿತ್ತು. ಬೇಡವೆನ್ನುವುದು ಹೇಗೆ ಎಂದು ಒಂದು ತಿಂಗಳಿಂದ ಊಟದ ಮೇಜಿನ ಮೇಲೆ ಅಭ್ಯಾಸ ಮಾಡಿದ್ದಳು. ಆದರೆ ದೊಡ್ಡಮ್ಮನ ಮುಖದಲ್ಲಿ ಅವಳಿಗಿಂತ ಹೆಚ್ಚು ಗಾಬರಿ ಇತ್ತು, ಕೈ ಮುಂದೆ ಬಂದಿತ್ತು, ಬಾಯಿ ತೆರೆಯಿತು.

ಕಾಯುವ ಬೆಂಚಿನ ಮೇಲೆ ಕುಳಿತು ಸ್ವಲ್ಪ ಹೊತ್ತಿಗೆ ಎದೆಯ ಡವಡವ ನಿಂತಿತು. ಅದರ ಹಿಂದೆಯೇ ಚಿಕ್ಕಪ್ಪ ಬರೆಸಿದ ಉತ್ತರಗಳೂ ಒಂದೊಂದಾಗಿ ಎದ್ದು ಹೋಗತೊಡಗಿದವು. ಪಕ್ಕದಲ್ಲಿ ಟೈ ಕಟ್ಟಿಕೊಂಡ ಹುಡುಗನೊಬ್ಬ ಕಾಲು ಕುಣಿಸುತ್ತ ಏನನ್ನೋ ಮಣಮಣಿಸುತ್ತಿದ್ದ. ಇವನಿಗೆ ಯಾಕೆ ಇಷ್ಟು ಭಯ ಎಂದು ಗುಬ್ಬಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. ಅವಳ ಹೆಸರು ಕರೆದಾಗ ದೊಡ್ಡಮ್ಮನೇ ಅವಳನ್ನು ಅಲುಗಾಡಿಸಿ ಎಬ್ಬಿಸಬೇಕಾಯಿತು.

ಒಳಗೆ ಇಬ್ಬರಿದ್ದರು. ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡ ಪ್ರೊಫೆಸರ್ ಮೇಡಂ, ಮತ್ತು ದೊಡ್ಡಾಸ್ಪತ್ರೆಯ ಔಷಧ ವಿಭಾಗ ನೋಡಿಕೊಳ್ಳುವ ಹಿರಿಯ ಫಾರ್ಮಸಿಸ್ಟ್. ಅವರಿಗೆ ನೆಗಡಿಯಾಗಿತ್ತು, ಮುಂದೆ ಒಂದು ಕರವಸ್ತ್ರ ಮಡಿಸಿ ಇಟ್ಟುಕೊಂಡಿದ್ದರು.

"ಫಾರ್ಮಸಿ ಯಾಕೆ?" ಎಂದರು ಮೇಡಂ.

"ಸಮಾಜದ ಆರೋಗ್ಯವೆಂಬ ಸರಪಳಿಯಲ್ಲಿ" ಎಂದು ಗುಬ್ಬಿ ಶುರುಮಾಡಿದಳು. ಮುಂದೆ ಏನೋ ಒಂದು ಇತ್ತು. ಬೀಗವೋ, ಚಿಲಕವೋ, ಕಬ್ಬಿಣದ ವಸ್ತು ಎಂಬುದಷ್ಟೇ ನೆನಪಿಗೆ ಬಂತು. ಹೋದ ವರ್ಷವಾಗಿದ್ದರೆ ಅವಳು ಅಲ್ಲಿಗೇ ನೀರು ಕೇಳುತ್ತಿದ್ದಳು. ಈಗ ಸುಮ್ಮನೆ ಸರಪಳಿಯನ್ನು ಕೆಳಗೆ ಬಿಟ್ಟಳು.

"ಹೆಸರು ತಿಳ್ಕೋಬೇಕು ಅಂತ ಮೇಡಂ."

"ಯಾರ ಹೆಸರು?"

"ಮಾತ್ರೆಗಳದ್ದು. ನಮ್ಮನೇಲಿ ಒಂದಕ್ಕೂ ಹೆಸರಿಲ್ಲ. ಚಿಕ್ಕಂದಿನಿಂದ ಕೇಳ್ತಾನೇ ಇದೀನಿ, ಯಾರಿಗೂ ಗೊತ್ತಿಲ್ಲ."

ಮೇಡಂ ಕನ್ನಡಕವನ್ನು ತಲೆಯಿಂದ ಮೂಗಿಗೆ ಇಳಿಸಿದರು. ಬೆಳಗಿನಿಂದ ಅವರು ಕೇಳಿದ ಸರಪಳಿಗಳು ಸಾಕಷ್ಟಾಗಿದ್ದವು. ಡಾಕ್ಟರ್ ಸೀಟಿಗೆ ಪ್ರಯತ್ನ ಮಾಡಲಿಲ್ಲವೇ ಎಂದು ಕೇಳಿದರು. ಇಲ್ಲ, ತನಗೆ ಜನರಿಗಿಂತ ಮಾತ್ರೆಗಳ ಮೇಲೆ ಕುತೂಹಲ ಜಾಸ್ತಿ ಎಂದಳು ಗುಬ್ಬಿ. ಇಡೀ ಮನೆ ನಂಬದ ಮಾತನ್ನು ಅವರು ಒಂದೇ ಸಲಕ್ಕೆ ನಂಬಿ ಮುಂದಿನ ಪ್ರಶ್ನೆಗೆ ಹೋದದ್ದು ನೋಡಿ ಅವಳಿಗೆ ಆಶ್ಚರ್ಯವಾಗಬೇಕಿತ್ತು. ಆದರೆ ಆಶ್ಚರ್ಯಪಡುವಷ್ಟು ಎಚ್ಚರ ಅವಳಿಗಿರಲಿಲ್ಲ.

ಆಮೇಲೆ ಹಿರಿಯ ಫಾರ್ಮಸಿಸ್ಟ್ ನಾಟಕಕ್ಕೆ ಇಳಿದರು. ಮೊಣಕಾಲು ಹಿಡಿದುಕೊಂಡರು.

"ಪಕ್ಕದ್ಮನೆಯವ್ರು ಮಾತ್ರೆ ಕೊಟ್ರು. ಹೆಸರು ಗೊತ್ತಿಲ್ಲ. ತಗೊಳ್ಲಾ?"

ದೊಡ್ಡಮ್ಮನಷ್ಟು ಚೆನ್ನಾಗಿ ನರಳಲು ಅವರಿಗೆ ಬರುತ್ತಿರಲಿಲ್ಲ. ಆದರೂ ಮಾತು ಅದೇ. ಗುಬ್ಬಿ ಮುಂದಕ್ಕೆ ಬಾಗಿ, ಅಕ್ಕರೆಯಿಂದ, ಒಂದು ತೊದಲೂ ಇಲ್ಲದೆ ತಿಳಿಹೇಳಿದಳು. ಬೇರೆ ಏನು ತೆಗೆದುಕೊಳ್ಳುತ್ತೀರಿ ಎಂದು ಕೇಳಿದಳು. ವಾಯಿದೆ ಮುಗಿದಿರಬಹುದು ಎಂದಳು. ಚಿಕ್ಕಪ್ಪ ಹೇಳಿಕೊಡದ ಒಂದು ಮಾತನ್ನೂ ತಾನೇ ಸೇರಿಸಿದಳು.

"ಕೊಡೋರು ಕೆಟ್ಟವರಲ್ಲ ಸರ್. ಪ್ರೀತಿಯಿಂದಾನೇ ಕೊಡ್ತಾರೆ. ಅದಕ್ಕೇ ಬೇಡ ಅನ್ನೋದು ಕಷ್ಟ. ಆದ್ರೂ ಹೆಸರು ಗೊತ್ತಿಲ್ಲದ ಮಾತ್ರೆ, ಯಾರು ಕೊಟ್ರೂ, ಎಷ್ಟೇ ಪ್ರೀತಿಯಿಂದ ಕೊಟ್ರೂ, ಬಾಯಿಗೆ ಹಾಕ್ಕೋಬಾರ್ದು."

ಹೇಳಿ ಮುಗಿಸಿದವಳೇ ದವಡೆ ಹಲ್ಲೆಲ್ಲ ಕಾಣುವ ಹಾಗೆ ಆಕಳಿಸಿದಳು.

"ರಾತ್ರಿ ನಿದ್ದೆ ಮಾಡಿಲ್ವಾ?" ಎಂದರು ಮೇಡಂ.

"ಮಾಡಿದೀನಿ ಮೇಡಂ," ಎಂದು ಇನ್ನೊಮ್ಮೆ ಆಕಳಿಸಿದಳು.

ಹಿರಿಯರು ಮೊಣಕಾಲು ಬಿಟ್ಟು ಅವಳ ಕಣ್ಣನ್ನೇ ನೋಡಿದರು. ನಾಟಕದ ದನಿ ಹೋಗಿತ್ತು. "ಬೆಳಿಗ್ಗೆ ಏನಾದ್ರೂ ತಗೊಂಡ್ಯಾ ಮಗು?"

ಮಂಜಿನೊಳಗಿದ್ದ ಗುಬ್ಬಿಗೂ ಇದು ಸ್ಪಷ್ಟವಾಗಿ ಕಂಡಿತು. ಇಲ್ಲ ಎಂದರೆ ಸೀಟು ಕೈಯಲ್ಲಿದೆ. ಹೌದು ಎಂದರೆ ಈಗ ತಾನೇ ಆಡಿದ ಮಾತಿಗೆ ತಾನೇ ಮಸಿ ಬಳಿದ ಹಾಗೆ. ಪರದೆ ಅಂಗಡಿಯ ಬಾಗಿಲು ತೆರೆದೇ ಇದೆ. ಒಪ್ಪಿಕೊಂಡ ಅರ್ಜಿ ಗೆದ್ದದ್ದನ್ನು ಚಿಕ್ಕಪ್ಪ ನೋಡಿಲ್ಲ. ಇಲ್ಲ ಎನ್ನಬೇಕೆಂದೇ ಅವಳು ಬಾಯಿ ತೆರೆದಳು. ಆದರೆ ಸುಳ್ಳು ಹೇಳುವುದಕ್ಕೆ ಪೂರ್ತಿ ಎಚ್ಚರ ಬೇಕು.

"ಅರ್ಧ ಮೇಷ್ಟ್ರು ತಗೊಂಡೆ ಸರ್."

ಮೇಡಂ ಪೆನ್ನು ನಿಂತಿತು. ಗುಬ್ಬಿ ಎಲ್ಲವನ್ನೂ ಹೇಳಿದಳು: ಲಗೇಜು ಕೋಣೆ, ಡಬ್ಬಿ, ಕಂಡಕ್ಟರು, ಟೈಪಿಸ್ಟು, ಮೂಲೆಮನೆ ಅಜ್ಜಿ. ಪೂರ್ತಿ ಮೇಷ್ಟ್ರು ನಿದ್ದೆಗೆ, ಅರ್ಧ ಮೇಷ್ಟ್ರು ಧೈರ್ಯಕ್ಕೆ ಎಂಬಲ್ಲಿಗೆ ಬರುವಾಗ ಮೇಡಂ ಮುಖ ಕಿಟಕಿಯ ಕಡೆ ತಿರುಗಿತ್ತು, ಭುಜ ಅಲುಗುತ್ತಿತ್ತು. ಹಿರಿಯರು ನಗಲಿಲ್ಲ.

"ಇನ್ನರ್ಧ ಎಲ್ಲಿ?" ಎಂದರು.

ಗುಬ್ಬಿಗೆ ಆಗ ಎಚ್ಚರವಾಯಿತು. ತಣ್ಣೀರು ಮುಖಕ್ಕೆ ಎರಚಿದ ಹಾಗೆ ಆಯಿತು. ದೊಡ್ಡಮ್ಮ ಯಾವ ವಸ್ತುವನ್ನೂ ಅರ್ಧ ಉಳಿಸಿಕೊಳ್ಳುವವಳಲ್ಲ. ಬೇಕಾದವರು ಪಕ್ಕದಲ್ಲಿದ್ದರಂತೂ ಉಳಿಸಿಕೊಳ್ಳುವ ಪ್ರಶ್ನೆಯೇ ಇಲ್ಲ. ಪಕ್ಕದಲ್ಲಿ ಟೈ ಕಟ್ಟಿದ ಹುಡುಗ ಕಾಲು ಕುಣಿಸುತ್ತಿದ್ದ. ಅವಳು ಹೇಳದೆ ಕೇಳದೆ ಕುರ್ಚಿ ಹಿಂದೆ ತಳ್ಳಿ, ಇಂಟರ್ವ್ಯೂ ಅರ್ಧಕ್ಕೆ ಬಿಟ್ಟು, ಗೋಡೆ ಹಿಡಿದುಕೊಂಡು ಹೊರಗೆ ನಡೆದಳು.

ಹೊರಗೆ ದೊಡ್ಡಮ್ಮನ ದರ್ಬಾರು ನಡೆದಿತ್ತು. ಬೆಂಚಿನ ಮೇಲೆ ಪರ್ಸು ತೆರೆದುಕೊಂಡಿತ್ತು. ಸೀಟಿಗಾಗಿ ಕಾದು ಕುಳಿತವರೆಲ್ಲ ಸುತ್ತ ನೆರೆದಿದ್ದರು. ಒಬ್ಬಳಿಗೆ ಹೊಟ್ಟೆ ತೊಳಸುತ್ತಿದೆಯಂತೆ, ಅವಳಿಗೆ ಕಂಡಕ್ಟರು ತಯಾರಾಗಿತ್ತು. ಟೈ ಕಟ್ಟಿದ ಹುಡುಗನ ಅಂಗೈಯಲ್ಲಿ ಪುಟ್ಟ ಬಿಳಿ ತುಂಡು. ಇನ್ನೊಂದು ಕೈಯಲ್ಲಿ ನೀರಿನ ಬಾಟಲಿ. ನಾಳೆ ಔಷಧದ ಬಗ್ಗೆ ಲೋಕಕ್ಕೆ ತಿಳಿಹೇಳಲಿರುವವರು ಅಷ್ಟೂ ಜನ, ಒಬ್ಬರಾದರೂ ಅದರ ಹೆಸರೇನು ಎಂದು ಕೇಳಿರಲಿಲ್ಲ.

"ತಗೋಬೇಡ," ಎಂದಳು ಗುಬ್ಬಿ. "ಕೊಡಬೇಡ ದೊಡ್ಡಮ್ಮ."

"ಯಾಕೆ? ಪಾಪ, ಮಗು ನಡುಗ್ತಾ ಇದೆ."

"ಮೇಷ್ಟ್ರು ಹೇಗೆ ಹೋದ್ರು ದೊಡ್ಡಮ್ಮ?"

"ನಿದ್ದೇಲೇ ಹೋದ್ರಲ್ಲ, ಪುಣ್ಯಾತ್ಮ," ಎಂದಳು ದೊಡ್ಡಮ್ಮ ಅಭಿಮಾನದಿಂದ. "ರಾತ್ರಿ ಮಾತ್ರೆ ತಗೊಂಡು ಮಲಗಿದವರು, ಒಂದು ಚೂರು ನೋವಿಲ್ಲ, ಏಳಲೇ ಇಲ್ಲ."

ಹುಡುಗ ಆ ತುಂಡನ್ನು ಬೆಂಚಿನ ಮೇಲೆ ಬಹಳ ನಿಧಾನವಾಗಿ ಇಟ್ಟು, ಅಂಗೈಯನ್ನು ಟೈಗೆ ಒರೆಸಿಕೊಂಡ. ಹೊಟ್ಟೆ ತೊಳಸುತ್ತಿದ್ದವಳಿಗೆ ಹೊಟ್ಟೆ ಸರಿಯಾಯಿತು. ದೊಡ್ಡಮ್ಮ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಆ ಮುಖಗಳಲ್ಲಿ ಏನಿತ್ತೋ ಅದು ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಅವಳು ತಿರುಗಿದ್ದು ಗುಬ್ಬಿಯ ಕಡೆಗೆ.

"ನಿನಗೂ ಇದೇ ಕೈಯಲ್ಲಿ ಕೊಟ್ಟಿದ್ದು ಕಣೆ. ಹಲ್ಲು ಬರೋಕೆ ಮುಂಚೆಯಿಂದ. ಏನಾಯ್ತು ನಿನಗೆ?"

"ಏನೂ ಆಗ್ಲಿಲ್ಲ. ಅದೃಷ್ಟ."

"ಅದೃಷ್ಟವಾ?" ಎಂದಳು ದೊಡ್ಡಮ್ಮ.

ಆ ಒಂದು ಪದವನ್ನು ವಾಪಸ್ಸು ತೆಗೆದುಕೊಳ್ಳಲು ಸಾಧ್ಯವಿದ್ದರೆ ಗುಬ್ಬಿ ಸೀಟನ್ನೇ ಕೊಟ್ಟುಬಿಡುತ್ತಿದ್ದಳು. ಜ್ವರ ಬಂದ ರಾತ್ರಿಗಳಲ್ಲಿ ಹಣೆಯ ಮೇಲೆ ಕೈಯಿಟ್ಟು ಕುಳಿತವಳು ಇವಳೇ. ಆದರೆ ಆಡಿದ್ದು ಸುಳ್ಳಲ್ಲ, ವಾಪಸ್ಸು ತೆಗೆದುಕೊಳ್ಳುವುದು ಹೇಗೆ?

ಬಾಗಿಲಲ್ಲಿ ಮೇಡಂ ಮತ್ತು ಹಿರಿಯರು ನಿಂತಿದ್ದರು. ಹಿರಿಯರು ಬಂದು ದೊಡ್ಡಮ್ಮನ ಪಕ್ಕದಲ್ಲಿ ಕುಳಿತು, ನೀವು ಸ್ವತಃ ಏನಾದರೂ ತೆಗೆದುಕೊಂಡಿದ್ದೀರಾ ಎಂದು ವಿಚಾರಿಸಿ, ಬಿಳಿ ತುಂಡನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡರು. ಪರ್ಸಿನೊಳಗಿನ ಉಳಿದವರನ್ನೂ ಕೊಡುತ್ತೀರಾ ಎಂದು ವಿನಯದಿಂದ ಕೇಳಿದರು. ದೊಡ್ಡಮ್ಮ ಪರ್ಸನ್ನು ಅವರ ಕೈಯಲ್ಲಿ ಬೋರಲು ಹಾಕಿದಳು. "ನಿಮ್ಮ ಇಂಟರ್ವ್ಯೂ ಮುಗೀತು," ಎಂದರು ಮೇಡಂ ಗುಬ್ಬಿಗೆ. "ಮನೆಗೆ ಹೋಗಿ ಮಲಗಿ. ರಸ್ತೆ ಮಾತ್ರ ಒಬ್ಬರೇ ದಾಟಬೇಡಿ."

ಬಸ್ಸಿನಲ್ಲಿ ದೊಡ್ಡಮ್ಮ ಕಿಟಕಿಯ ಕಡೆ ಮುಖ ಮಾಡಿ ಕುಳಿತಳು. ಗುಬ್ಬಿ ಕ್ಷಮೆ ಕೇಳಬೇಕೆಂದುಕೊಳ್ಳುತ್ತಲೇ ಅವಳ ಭುಜಕ್ಕೆ ಒರಗಿ ನಿದ್ದೆಹೋದಳು. ಇಳಿಯುವ ಜಾಗ ಬರುವವರೆಗೆ ದೊಡ್ಡಮ್ಮ ಭುಜ ಅಲುಗಿಸಲಿಲ್ಲ.

ಚಿಕ್ಕಪ್ಪ ಕಥೆಯನ್ನೆಲ್ಲ ಕೇಳಿ ಅರ್ಜಿ ವಜಾ ಎಂದು ತೀರ್ಪು ಕೊಟ್ಟ. ಅಮ್ಮ ಪರದೆ ಅಂಗಡಿಗೆ ಫೋನು ಮಾಡಿ, ಬರುವ ವಾರದಿಂದ ಬರುತ್ತಾಳೆ ಎಂದಳು. ದೊಡ್ಡಮ್ಮ ಡಬ್ಬಿಯನ್ನು ಕಪಾಟಿನ ಮೇಲೆ, ಕೈಗೆ ಸುಲಭವಾಗಿ ಸಿಗದ ಕಡೆ, ಇಟ್ಟಳು. ಮಾತ್ರೆ ಕೇಳಿಕೊಂಡು ಬಂದವರಿಗೆ, "ಅದೃಷ್ಟದ ಮೇಲೆ ನಡೀತಿದ್ದ ಅಂಗಡಿ. ಮುಚ್ಚಿದೀನಿ" ಎನ್ನುತ್ತಿದ್ದಳು. ಅದನ್ನು ಗುಬ್ಬಿಗೆ ಕೇಳಿಸುವ ಹಾಗೆ ಹೇಳುತ್ತಿದ್ದಳು. ಗುಬ್ಬಿಯ ಜೊತೆ ಅವಳ ಮಾತು "ಊಟ ಆಯ್ತಾ" ಎಂಬಲ್ಲಿಗೆ ಶುರುವಾಗಿ ಅಲ್ಲಿಗೇ ನಿಲ್ಲುತ್ತಿತ್ತು. ಬೀದಿಯಲ್ಲಿ ಹೊಟ್ಟೆ ಉಬ್ಬರದವರು, ತಲೆ ಸಿಡಿಯುವವರು ಗುಬ್ಬಿಯನ್ನು ಕಂಡರೆ ಮುಖ ಗಂಟಿಕ್ಕಿಕೊಂಡು ಹೋಗುತ್ತಿದ್ದರು. ಸೀಟೂ ಇಲ್ಲ, ದೊಡ್ಡಮ್ಮನೂ ಇಲ್ಲ ಎಂದು ಗುಬ್ಬಿ ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಪರದೆ ಅಂಗಡಿಗೆ ಹೋಗಲು ಬಟ್ಟೆ ಇಸ್ತ್ರಿ ಮಾಡುತ್ತಿದ್ದ ದಿನ ಯೂನಿವರ್ಸಿಟಿಯಿಂದ ಫೋನು ಬಂತು. ಸೀಟು ಸಿಕ್ಕಿತ್ತು.

ಸುದ್ದಿ ಕೇಳಿ ಚಿಕ್ಕಪ್ಪ, ಸರಪಳಿ ಕೆಲಸ ಮಾಡಿತು ಎಂದ. ಅಪ್ಪ, ಹೆಚ್ಚುಕಡಿಮೆ ಡಾಕ್ಟರೇ ಎಂದ. ಪಕ್ಕದ ಮನೆಯ ಮೇಷ್ಟ್ರ ಸೊಸೆ ಕೈ ಒರೆಸಿಕೊಳ್ಳುತ್ತ ಓಡಿ ಬಂದಳು. ಹಿಂದೆಯೇ ಇನ್ನಷ್ಟು ಜನ ಬಂದರು. ಮನೆ ತುಂಬ ಜನ ಸೇರಿದ್ದು ನೋಡಿ ದೊಡ್ಡಮ್ಮನಿಗೆ ಮೌನವನ್ನು ಹಿಡಿದಿಟ್ಟುಕೊಳ್ಳಲಾಗಲಿಲ್ಲ.

"ಅರ್ಧ ಮೇಷ್ಟ್ರಿಗೇ ಫಾರ್ಮಸಿ ಸಿಕ್ತು," ಎಂದಳು. "ಪೂರ್ತಿ ತಗೊಂಡಿದ್ರೆ ಡಾಕ್ಟರ್ ಸೀಟೇ ಸಿಗ್ತಿತ್ತು. ನನ್ನ ಮಾತು ಯಾರು ಕೇಳ್ತಾರೆ?"

ಎಲ್ಲರೂ ನಕ್ಕರು. ಗುಬ್ಬಿಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಅದು ಹಾಗಲ್ಲ ಎಂದು ತಿದ್ದಬೇಕೆಂದುಕೊಂಡಳು. ಇಷ್ಟು ದಿನದ ಮೇಲೆ ಕೇಳುತ್ತಿರುವ ದನಿ, ಇವತ್ತೊಂದು ದಿನ ಇರಲಿ ಎಂದು ಸುಮ್ಮನಾದಳು. ಆಗಲೇ ಮೇಷ್ಟ್ರ ಸೊಸೆ ದೊಡ್ಡಮ್ಮನ ಹತ್ತಿರಕ್ಕೆ ಸರಿದು ದನಿ ತಗ್ಗಿಸಿದಳು.

"ಹಾಗಿದ್ರೆ ನಮಗೂ ಅರ್ಧ ಕೊಡಿ ಅಕ್ಕ. ನಾಳೆ ನಮ್ಮ ಮಗನಿಗೂ ಇಂಟರ್ವ್ಯೂ ಇದೆ. ರಾತ್ರಿಯಿಂದ ಅನ್ನ ಬಿಟ್ಟಿದಾನೆ."

ದೊಡ್ಡಮ್ಮ ಎದ್ದಳು. ಸ್ಟೂಲು ಎಳೆದುಕೊಂಡಳು. ಕಪಾಟಿನ ಮುಂದೆ ಸ್ಟೂಲಿಟ್ಟು, ಒಂದು ಕಾಲು ಮೇಲಿಟ್ಟು, ಅಲ್ಲಿಂದ ತಿರುಗಿ ಗುಬ್ಬಿಯನ್ನು ನೋಡಿದಳು. ಗುಬ್ಬಿ ಹೇಳುವುದನ್ನು ಒಮ್ಮೆ ಹೇಳಿಯಾಗಿತ್ತು, ಇನ್ನೊಮ್ಮೆ ಹೇಳುವ ಧೈರ್ಯ ಅವಳಲ್ಲಿರಲಿಲ್ಲ. ಡಬ್ಬಿಯಲ್ಲಿ ಬಿಳಿ ಮಾತ್ರೆಗಳು ಇನ್ನೂ ಹೆಚ್ಚುಕಡಿಮೆ ಒಂದು ಸ್ಟ್ರಿಪ್ಪು ಇದ್ದವೆಂದು ಇಬ್ಬರಿಗೂ ಗೊತ್ತಿತ್ತು. ದೊಡ್ಡಮ್ಮ ಕಾಲನ್ನು ಕೆಳಗಿಳಿಸಿದಳು.

"ಇಲ್ಲ ಕಣಮ್ಮ," ಎಂದಳು. "ಮೇಷ್ಟ್ರು ತೀರಿಹೋದ್ರು."

"ಹೌದಾ? ಅಯ್ಯೋ," ಎಂದಳು ಅವರ ಸೊಸೆ, ಸುದ್ದಿಯನ್ನು ಮೊದಲ ಸಲ ಕೇಳುವವಳ ಹಾಗೆ.

ದೊಡ್ಡಮ್ಮ ಸ್ಟೂಲನ್ನು ಅದರ ಜಾಗಕ್ಕೆ ಎತ್ತಿಟ್ಟು, ಯಾರ ಮುಖವನ್ನೂ ನೋಡದೆ ಒಳಗೆ ಹೋದಳು. ಗುಬ್ಬಿ ಅವಳ ಹಿಂದೆಯೇ ಹೋದಳು.